ಲೆನ್ಸಿನೊಳಗಿನ ಬೂಷ್ಟು

ಅಮ್ಮತ್ತಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಕರಿಮೆಣಸಿಗೆ ಮಾತ್ರವಲ್ಲ, ಕ್ಯಾಮರಾದ ಲೆನ್ಸಿಗೂ. ಹಳೆಯ ಲೆನ್ಸ್ ಕೊಳ್ಳುವಾಗ ನಾನು ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ಮುಂದಿನ ಗಾಜಿನ ಸಣ್ಣ ಗೀರು ಚಿತ್ರವನ್ನು ಅಷ್ಟೇನೂ ಕೆಡಿಸದು. ಬೂಷ್ಟು ಹಾಗಲ್ಲ, ಜೇಡರ ಬಲೆಯಂತೆ ಒಳಗೇ ಹಬ್ಬಿ ಗಾಜಿನ ಲೇಪವನ್ನು ತಿನ್ನುತ್ತದೆ. ಬಿಚ್ಚಿ ಒರೆಸಿದರೂ ಕಲೆ ಉಳಿಯಬಹುದು.

ಕಳೆದ ವರ್ಷ ನನ್ನದೇ 50 ಎಂ.ಎಂ. ಲೆನ್ಸ್ ಮಾರಲು ತೆಗೆದಾಗ ಅಂಚಿನಲ್ಲಿ ಬಿಳಿ ಎಳೆಗಳು ಕಂಡವು. “ಬೇಕಾದವರು ನೋಡಿಯೇ ಕೊಳ್ಳಲಿ, ನೀನೇಕೆ ಹೇಳಬೇಕು?” ಎಂದ ಗೆಳೆಯ. ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದು ನೆನಪಾಯಿತು. ಕೊಳ್ಳಲು ಬಂದ ಹುಡುಗನಿಗೆ ಲೆನ್ಸಿನ ಜೊತೆ ಟಾರ್ಚನ್ನೂ ಕೊಟ್ಟೆ. ಅವನು ಅರ್ಧ ಬೆಲೆಗೆ ಕೇಳಿದ, ಕೊಟ್ಟೆ.