ಕೊನೆಯ ಪುಟಗಳಿಲ್ಲದ ಪತ್ತೇದಾರಿ

ಕಡೂರಿನ ನಮ್ಮ ಮನೆಗೆ ಒಂದು ಪತ್ತೇದಾರಿ ಕಾದಂಬರಿ ಬಂತೆಂದರೆ ಮೂರು ಊರುಗಳಿಗೆ ಸುದ್ದಿಯಾಗುತ್ತಿತ್ತು. ನಾವು ಓದಿ ಮುಗಿಸಿದ್ದು ತರೀಕೆರೆಯ ಖಾಲಾ ಮನೆಗೆ ಹೋಗಬೇಕು, ಖಾಲಾ ಮುಗಿಸಿದ್ದು ಅಜ್ಜಂಪುರದ ಆಪಾ ಮನೆಗೆ. ನಡುವೆ ಬೀರೂರು ಜಂಕ್ಷನ್. ಅಲ್ಲಿಂದ ಶಿವಮೊಗ್ಗದ ಗಾಡಿ ತರೀಕೆರೆ ಕಡೆಗೆ, ಹುಬ್ಬಳ್ಳಿಯ ಗಾಡಿ ಅಜ್ಜಂಪುರದ ಕಡೆಗೆ. ಮದುವೆಗೋ ಹಬ್ಬಕ್ಕೋ ಹೊರಟವರ ಕೈಚೀಲದಲ್ಲಿ ಬಟ್ಟೆಗಳ ಅಡಿಯಲ್ಲಿ ಪುಸ್ತಕವೊಂದು ಇದ್ದೇ ಇರುತ್ತಿತ್ತು. ಇದು 1970ರ ದಶಕದ ಮಾತು.

ಆ ಪುಸ್ತಕಗಳಲ್ಲಿ ಹೆಚ್ಚಿನವು ಎನ್. ನರಸಿಂಹಯ್ಯನವರದು. 1925ರಲ್ಲಿ ನಮ್ಮದೇ ಜಿಲ್ಲೆಯ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಓದಿದ್ದು ನಾಲ್ಕನೆಯ ತರಗತಿಯವರೆಗೆ. 1952ರಲ್ಲಿ 'ಪತ್ತೇದಾರ ಪುರುಷೋತ್ತಮ'ನಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ನಮಗೆ ನೆಂಟರಿಷ್ಟರಷ್ಟೇ ಪರಿಚಿತರು. ಪಾಠದ ಪುಸ್ತಕ ಕಂಡರೆ ಓಡಿಹೋಗುತ್ತಿದ್ದ ನಮ್ಮಂಥವರಿಗೆ ಕನ್ನಡವನ್ನು ಸರಾಗವಾಗಿ ಓದಲು ಕಲಿಸಿದ್ದು ಶಾಲೆಗಿಂತ ಹೆಚ್ಚಾಗಿ ಇವರೇ ಎಂದರೆ ತಪ್ಪಲ್ಲ.

ಮಾಮುಗೆ ಮಾತ್ರ ಇದು ಒಗ್ಗುತ್ತಿರಲಿಲ್ಲ. ಅವರದು ಉರ್ದು. ಬೆಂಗಳೂರಿಗೆ ಹೋದವರ ಕೈಯಲ್ಲಿ ಇಬ್ನೆ ಸಫಿಯ 'ಜಾಸೂಸಿ ದುನಿಯಾ' ತರಿಸಿಕೊಳ್ಳುತ್ತಿದ್ದರು. ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ ಕುಳಿತು ಗಟ್ಟಿಯಾಗಿ ಓದುವರು. ಕರ್ನಲ್ ಫರೀದಿ ಇನ್ನೇನು ಬಾಗಿಲು ತೆರೆಯಬೇಕು, ಅಷ್ಟರಲ್ಲಿ ಪುಸ್ತಕ ಮುಚ್ಚಿ "ಉಳಿದದ್ದು ನಾಳೆ" ಎಂದು ಎದ್ದು ಹೋಗುವರು. ಅಮ್ಮಿ ಸಿಟ್ಟಿನಿಂದ ಅವರಿಗೆ ಮಾರನೆಯ ದಿನ ಚಹಾ ಕೊಡುತ್ತಿರಲಿಲ್ಲ. ಎಷ್ಟೋ ವರ್ಷಗಳ ನಂತರ ನಮಗೆ ಗೊತ್ತಾಯಿತು: ಇಬ್ನೆ ಸಫಿ ಅಲಹಾಬಾದಿನಲ್ಲಿ 'ಜಾಸೂಸಿ ದುನಿಯಾ' ಆರಂಭಿಸಿದ್ದೂ 1952ರಲ್ಲೇ. ಒಂದೇ ವರ್ಷ ಹುಟ್ಟಿದ ಎರಡು ಪತ್ತೇದಾರಿ ಲೋಕಗಳು ನಮ್ಮ ಮನೆಯ ಒಂದೇ ಚಾಪೆಯ ಮೇಲೆ ಕೂತಿದ್ದವು.

ನಮ್ಮ ಪುಸ್ತಕಗಳಿಗೆ ಒಂದು ಕಾಯಿಲೆ ಇತ್ತು. ದಿನಕ್ಕಿಷ್ಟು ಪೈಸೆ ಎಂದು ಬಾಡಿಗೆಗೆ ಹೋಗಿ ಹೋಗಿ ಸವೆದವನ್ನು ಅಂಗಡಿಯವನು ಅಗ್ಗಕ್ಕೆ ಮಾರುತ್ತಿದ್ದ. ನಾವು ಕೊಳ್ಳುತ್ತಿದ್ದುದು ಅಂಥವನ್ನೇ. ಹಲವು ಪುಸ್ತಕಗಳಿಗೆ ಕೊನೆಯ ಪುಟಗಳೇ ಇರುತ್ತಿರಲಿಲ್ಲ. ಆಗ ಮೂರು ಊರುಗಳ ನಡುವೆ ಪತ್ರ ವ್ಯವಹಾರ. ಕೊಲೆ ಮಾಡಿದವನು ಡಾಕ್ಟರ್ ಎಂದು ನಾವು, ಅಲ್ಲ ದತ್ತುಮಗ ಎಂದು ಆಪಾ. ತರೀಕೆರೆಯಿಂದ ಖಾಲಾ ಬರೆದ ಕಾರ್ಡಿನಲ್ಲಿ ಸದಾ ಒಂದೇ ಸಾಲು: "ಹತ್ತನೇ ಪುಟದಲ್ಲಿ ಎಲ್ಲರೂ ಬೆರಳು ತೋರಿಸಿದವನು ಮಾತ್ರ ಅಲ್ಲ."

ಈ ಮಾತು ನಮ್ಮ ಮನೆಯ ಬಾಗಿಲಿಗೇ ಒಂದು ದಿನ ಬಂತು.

ಭಾಯಿಜಾನ್ ಆಗ ಖಾಲಾ ಮನೆಯಲ್ಲಿದ್ದು ತರೀಕೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ವಯಸ್ಸು ಹದಿನೇಳು. ಒಂದು ಸಂತೆಯ ದಿನ ಗಲ್ಲಾಪೆಟ್ಟಿಗೆಯಲ್ಲಿ ಮುನ್ನೂರು ರೂಪಾಯಿ ಕಡಿಮೆ ಬಂತು. ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ ಮಾಲೀಕರು ಅವರ ಜೇಬು ತಡಕಿದರು. ಏನೂ ಸಿಗಲಿಲ್ಲ. ಸಿಗದಿದ್ದುದೇ ಅವರ ಜಾಣತನಕ್ಕೆ ಸಾಕ್ಷಿಯಾಯಿತು. ಹಣವನ್ನು ಬೇರೆಯವರ ಕೈಗೆ ದಾಟಿಸಿದ್ದಾನೆ ಎಂದರು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಖಾಲಾ ಅಳುತ್ತಾ ಕೂರಲಿಲ್ಲ. ಭಾಯಿಜಾನ್‌ರನ್ನು ಎದುರಿಗೆ ಕೂರಿಸಿಕೊಂಡು ಪುರುಷೋತ್ತಮನ ಹಾಗೆ ಒಂದೊಂದೇ ಕೇಳಿದರು. ಗಲ್ಲಾದ ಬೀಗದ ಕೈ ಯಾರ ಬಳಿ ಇತ್ತು? ಅಂದು ಹೊರ ಊರಿನ ವ್ಯಾಪಾರಿಗಳು ಯಾರು ಬಂದಿದ್ದರು? ಅವರಿಗೆ ಹಣ ಕೊಟ್ಟದ್ದನ್ನು ಯಾರು ಬರೆದುಕೊಂಡರು? ಮರುದಿನ ಬೆಳಿಗ್ಗೆ ಮಾಲೀಕರ ಮನೆಯ ಹಿಂಬಾಗಿಲಿಗೆ ಹೋಗಿ ಅವರ ಹೆಂಡತಿಗೆ ಹೇಳಿದ್ದು ಇಷ್ಟೇ: "ತಂಗೀ, ಒಗೆಯಲು ಹಾಕುವ ಮೊದಲು ಅವರ ಕೋಟಿನ ಜೇಬು ನೋಡಿಬಿಡಮ್ಮ." ಜೇಬಿನಲ್ಲಿ ಚೀಟಿ ಇತ್ತು. ಬಟ್ಟೆ ತಂದಿದ್ದ ವ್ಯಾಪಾರಿಗೆ ಮಾಲೀಕರೇ ಮುನ್ನೂರು ಕೊಟ್ಟು, ಲೆಕ್ಕದ ಪುಸ್ತಕಕ್ಕೆ ಏರಿಸಲು ಮರೆತಿದ್ದರು.

ಕಾದಂಬರಿಯಾಗಿದ್ದರೆ ಇಲ್ಲಿ ಕೊನೆಯ ಅಧ್ಯಾಯ ಬರುತ್ತಿತ್ತು. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, "ಈ ಹುಡುಗ ನಿರಪರಾಧಿ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಮಾಲೀಕರು ಬಂದದ್ದು ರಾತ್ರಿ, ಬೀದಿ ಮಲಗಿದ ಮೇಲೆ. "ಆದದ್ದಾಯಿತು, ನಾಳೆಯಿಂದ ಕೆಲಸಕ್ಕೆ ಕಳಿಸಿ" ಎಂದು ಹೊಸಿಲಾಚೆ ನಿಂತೇ ಹೇಳಿ ಹೋದರು. ಕಳ್ಳನೆಂದದ್ದು ಸಂತೆಯ ಜನರ ನಡುವೆ, ಅಲ್ಲವೆಂದದ್ದು ಕತ್ತಲಲ್ಲಿ. ಭಾಯಿಜಾನ್ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಲಾರಿ ಕ್ಲೀನರ್ ಆಗಿ ಸೇರಿ, ಮುಂದೆ ಡ್ರೈವರಾದರು. ಅಜ್ಜಂಪುರದ ಈರುಳ್ಳಿ ಮೂಟೆಗಳನ್ನು ಹೇರಿಕೊಂಡು ಊರೂರು ತಿರುಗಿದರು. ತರೀಕೆರೆಯಲ್ಲಿ ಮಾತ್ರ ಲಾರಿ ನಿಲ್ಲಿಸುತ್ತಿರಲಿಲ್ಲ.

ಆದರೆ ಅವರು ಪತ್ತೇದಾರಿ ಓದುವುದನ್ನು ಬಿಡಲಿಲ್ಲ. ಓದುವ ರೀತಿ ಬದಲಾಯಿತು, ಅಷ್ಟೆ. ಪುಸ್ತಕ ಕೈಗೆ ಬಂದರೆ ಮೊದಲು ಕೊನೆಯ ಅಧ್ಯಾಯ ತೆರೆಯುವರು. ಮಜಾ ಎಲ್ಲ ಹಾಳಾಗುತ್ತದಲ್ಲ ಎಂದು ನಾವು ಕೂಗಾಡಿದರೆ, "ಹಿಡಿದುಹಾಕಿದ ಹುಡುಗ ಬಿಡುಗಡೆಯಾದನೋ ಇಲ್ಲವೋ ಮೊದಲು ನೋಡಿಕೊಳ್ತೀನಿ. ಆಮೇಲೆ ನೆಮ್ಮದಿಯಾಗಿ ಓದಬಹುದು" ಎನ್ನುವರು.

ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಕಥೆಯನ್ನು ಆಧುನಿಕ ಪತ್ತೇದಾರಿ ಕಥೆಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಅದರಲ್ಲಿ ಪೊಲೀಸರು ಮೊದಲು ಹಿಡಿದು ಕೂಡಿಹಾಕುವುದು ಒಬ್ಬ ನಿರಪರಾಧಿ ಬ್ಯಾಂಕ್ ಗುಮಾಸ್ತನನ್ನು. ಪತ್ತೇದಾರ ಹುಟ್ಟಿಕೊಂಡದ್ದೇ ಸಂದೇಹಕ್ಕೂ ಸಾಕ್ಷ್ಯಕ್ಕೂ ನಡುವಿನ ದೂರವನ್ನು ನಡೆದು ತೋರಿಸಲು. ಕೈಗೆ ಸಿಕ್ಕವರ ಮೇಲೆ ಕಳ್ಳತನ ಹೊರಿಸುವುದು ಸುಲಭ, ಅದಕ್ಕೆ ಪುರುಷೋತ್ತಮನೂ ಬೇಕಿಲ್ಲ, ಫರೀದಿಯೂ ಬೇಕಿಲ್ಲ. ಇಂದು ಮೊಬೈಲಿನಲ್ಲಿ ಯಾರದೋ ಫೋಟೊ ಹಾಕಿ "ಇವನೇ" ಎಂದು ಹಂಚುವವರನ್ನು ಕಂಡಾಗ, ಹತ್ತನೇ ಪುಟಕ್ಕೇ ಪುಸ್ತಕ ಮುಚ್ಚಿಬಿಟ್ಟವರು ಇವರು ಎನಿಸುತ್ತದೆ.

ಇಬ್ನೆ ಸಫಿ 1980ರಲ್ಲಿ ತೀರಿಕೊಂಡರು, ನರಸಿಂಹಯ್ಯನವರು 2011ರಲ್ಲಿ. ಖಾಲಾ, ಮಾಮು ಈಗಿಲ್ಲ. ಆಗ ತರೀಕೆರೆ ತಾಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ಒಂದು ತಾಲೂಕು. ಕಳೆದ ಬೇಸಿಗೆಯಲ್ಲಿ ಆಪಾ ಮನೆಯ ಟ್ರಂಕು ತೆಗೆದಾಗ ಹಳೆಯ ಪುಸ್ತಕವೊಂದು ಸಿಕ್ಕಿತು. ರಟ್ಟಿಲ್ಲ, ಹೆಸರಿಲ್ಲ, ಕೊನೆಯ ಪುಟಗಳೂ ಇಲ್ಲ. ಆಪಾಳ ಮೊಮ್ಮಗಳು ಒಂದೇ ಮಧ್ಯಾಹ್ನದಲ್ಲಿ ಅದನ್ನು ಓದಿ ಮುಗಿಸಿ, ನಮ್ಮೆಲ್ಲರ ಮುಂದೆ ಬಂದು ನಿಂತಳು.

"ಕೊಲೆ ಮಾಡಿದ್ದು ಯಾರು?"

ನಾವು ಮುಖ ಮುಖ ನೋಡಿಕೊಂಡೆವು. ಐವತ್ತು ವರ್ಷಗಳಿಂದ ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಭಾಯಿಜಾನ್ ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು:

"ಯಾರೆಂದು ನನಗೂ ಗೊತ್ತಿಲ್ಲ ಮಗಳೇ. ಆದರೆ ಆ ತೋಟದ ಹುಡುಗ ಅಲ್ಲ."