ಮಡಿಕೇರಿಯ ಕಿಪ್ಪರ್

ಮಡಿಕೇರಿಯಲ್ಲಿ ದಾರಿ ಕೇಳಿದರೆ ಸಿಗುವ ಉತ್ತರದಲ್ಲಿ ಒಬ್ಬ ಸೈನಿಕನಾದರೂ ಇದ್ದೇ ಇರುತ್ತಾನೆ. ಜನರಲ್ ತಿಮ್ಮಯ್ಯ ವೃತ್ತದಿಂದ ಹೀಗೆ ಇಳಿಯಿರಿ, ಮಂಗೇರಿರ ಮುತ್ತಣ್ಣ ವೃತ್ತ ದಾಟಿ, ಹಳೆಯ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅಜ್ಜಮಾಡ ದೇವಯ್ಯನವರನ್ನು ಕಂಡ ಮೇಲೆ ಯಾರನ್ನಾದರೂ ಕೇಳಿ ಎನ್ನುತ್ತಾರೆ. ಸುದರ್ಶನ ವೃತ್ತಕ್ಕೆ ಬಂದರೆ ಅಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ. ಬೇರೆ ಊರುಗಳ ವೃತ್ತಗಳಲ್ಲಿ ಮಂತ್ರಿಗಳೋ ಕವಿಗಳೋ ನಿಂತಿರುತ್ತಾರೆ. ಈ ಊರು ಆ ಜಾಗವನ್ನೆಲ್ಲ ಸಮವಸ್ತ್ರದವರಿಗೆ ಕೊಟ್ಟುಬಿಟ್ಟಿದೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಜನ, 1861ರಷ್ಟು ಹಿಂದೆಯೇ ಬ್ರಿಟಿಷರಿಂದ ಆಯುಧ ಕಾನೂನಿನ ವಿನಾಯಿತಿ ಗಿಟ್ಟಿಸಿಕೊಂಡ ಜನ, ಹೀಗಲ್ಲದೆ ಇನ್ನು ಹೇಗೆ ಊರು ಕಟ್ಟಿಯಾರು?

ಆದರೆ ವಾರಾಂತ್ಯದಲ್ಲಿ ಈ ವೃತ್ತಗಳ ಪಾಡು ನೋಡಬಾರದು. ಬೆಂಗಳೂರಿನ ಕಾರುಗಳು ರಾಜಾಸೀಟಿನ ಸೂರ್ಯಾಸ್ತ ತಪ್ಪೀತೆಂಬ ಗಾಬರಿಯಲ್ಲಿ ಹಾರ್ನ್ ಹೊಡೆಯುತ್ತ ಒಬ್ಬ ದಂಡನಾಯಕನನ್ನು ಸುತ್ತಿ ಇನ್ನೊಬ್ಬನ ಕಾಲಬುಡಕ್ಕೆ ಬಂದು ಸಿಕ್ಕಿಕೊಳ್ಳುತ್ತವೆ. ಕಾರಿನೊಳಗಿನ ಮಕ್ಕಳಿಗೆ ಕಾಣುವುದು ಹೋಂಮೇಡ್ ಚಾಕೊಲೇಟಿನ ಬೋರ್ಡು. 2023ರ ಆಗಸ್ಟ್‌ನಲ್ಲಿ ಬಸ್ಸೊಂದು ಗುದ್ದಿದ ಹೊಡೆತಕ್ಕೆ ತಿಮ್ಮಯ್ಯನವರ ಪ್ರತಿಮೆ ನೆಲಕ್ಕೇ ಉರುಳಿತು. 1948ರ ನವೆಂಬರ್‌ನಲ್ಲಿ ಜೊಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದ ಮನುಷ್ಯನಿಗೆ ಸ್ವಂತ ಊರಿನ ತಿರುವಿನಲ್ಲಿ ಈ ಗತಿ. ಪುಣ್ಯಕ್ಕೆ ರಿಪೇರಿ ಮಾಡಿಸಿ ಮತ್ತೆ ನಿಲ್ಲಿಸಿದರು.

ಜೊಜಿಲಾದ ದಿನಗಳಲ್ಲಿ ತಿಮ್ಮಯ್ಯನವರ ಮೇಲಧಿಕಾರಿಯಾಗಿ ಪಶ್ಚಿಮ ಕಮಾಂಡ್ ನಡೆಸುತ್ತಿದ್ದವರು ಕಾರ್ಯಪ್ಪ. ಇಬ್ಬರೂ ಒಂದೇ ಕೊಡಂದೇರ ಒಕ್ಕದವರು. ಈಗ ಒಂದೇ ಊರಿನ ಎರಡು ವೃತ್ತಗಳಲ್ಲಿದ್ದಾರೆ. ತಿಮ್ಮಯ್ಯನವರದು ನಗುವ, ಹರಟುವ, ಎಲ್ಲರ ಹೆಗಲ ಮೇಲೂ ಕೈಹಾಕುವ ಸ್ವಭಾವ ಎನ್ನುತ್ತಾರೆ. ಅವರು ಬೆಳೆದ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ. 2021ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಟಿಕೆಟ್ಟು ಕೊಂಡು ಯಾರು ಬೇಕಾದರೂ ಒಳಗೆ ಹೋಗಿ ನೋಡಬಹುದು. ಕಾರ್ಯಪ್ಪನವರು ಅಷ್ಟು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವವರಲ್ಲ.

ಹುಟ್ಟಿದ್ದು ಶನಿವಾರಸಂತೆಯಲ್ಲಿ, 1899ರ ಜನವರಿ 28ರಂದು. ತಂದೆ ಕಂದಾಯ ಇಲಾಖೆಯವರು. ಮನೆಯಲ್ಲಿ ಕರೆಯುತ್ತಿದ್ದುದು 'ಚಿಮ್ಮ' ಎಂದು. ಸೇನೆಗೆ ಸೇರಿದ ಮೇಲೆ ಯಾರೋ ಬ್ರಿಟಿಷ್ ಅಧಿಕಾರಿಯ ಹೆಂಡತಿಗೆ ಕಾರ್ಯಪ್ಪ ಎಂಬ ಹೆಸರು ನಾಲಿಗೆಗೆ ಹೊರಳಲಿಲ್ಲವಂತೆ. ಆಕೆ ಇಟ್ಟ 'ಕಿಪ್ಪರ್' ಕೊನೆಯವರೆಗೂ ಅಂಟಿಕೊಂಡಿತು. ಚಿಮ್ಮ ಕಿಪ್ಪರ್ ಆದದ್ದು ಹೆಸರಿನಲ್ಲಷ್ಟೇ ಅಲ್ಲ. ಉಡುಪು, ಊಟ, ಮಾತು ಎಲ್ಲದರಲ್ಲೂ ಸ್ಯಾಂಡ್‌ಹರ್ಸ್ಟಿನಿಂದ ಇಳಿದುಬಂದವರಂತಿದ್ದರು. ತಮಾಷೆಯೆಂದರೆ ಅವರು ಸ್ಯಾಂಡ್‌ಹರ್ಸ್ಟಿಗೆ ಹೋದವರೇ ಅಲ್ಲ. ಮೊದಲ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಭಾರತೀಯರನ್ನೂ ಅಧಿಕಾರಿಗಳನ್ನಾಗಿ ಮಾಡಲೆಂದು ಇಂದೋರಿನಲ್ಲಿ ತೆರೆದಿದ್ದ ಡೇಲಿ ಕೆಡೆಟ್ ಕಾಲೇಜಿನಲ್ಲಿ ತಯಾರಾಗಿ 1919ರ ಡಿಸೆಂಬರ್‌ನಲ್ಲಿ ಕಮಿಷನ್ ಪಡೆದವರು.

ಅಲ್ಲಿಂದ ಮುಂದಿನದು ಶಾಲಾ ಪುಸ್ತಕದಲ್ಲಿದೆ, ಬೇಗ ಮುಗಿಸಬಹುದು. ಮೆಸೊಪೊಟೇಮಿಯಾ, ರಜಪೂತ್ ರೆಜಿಮೆಂಟು, 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ, 1942ರಲ್ಲಿ ಬೆಟಾಲಿಯನ್ ನಡೆಸಿದ ಮೊದಲ ಭಾರತೀಯ. ಎರಡನೆಯ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಇರಾನ್, ಆಮೇಲೆ ಬರ್ಮಾ. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಸೇನೆಯ ಅಧಿಕಾರ ಅವರ ಕೈಗೆ ಬಂತು. ದೇಶ ಪ್ರತಿವರ್ಷ ಸೇನಾ ದಿನ ಎಂದು ಆಚರಿಸುವುದು ಆ ದಿನವನ್ನೇ.

ಅವರ ಹಿಂದಿಯ ಬಗ್ಗೆ ಶಾಲಾ ಪುಸ್ತಕ ಏನೂ ಹೇಳುವುದಿಲ್ಲ. ಸೈನಿಕರ ಹೆಂಡಂದಿರ ಸಭೆಯೊಂದರಲ್ಲಿ ಚಿಕ್ಕ ಸಂಸಾರದ ಮಹತ್ವ ಹೇಳಲು ಹೋಗಿ, ಪ್ರತಿಯೊಬ್ಬಳೂ ಎರಡು ಮಕ್ಕಳನ್ನು ಹೆರಬೇಕು, ಒಂದು ನಿಮಗೆ, ಇನ್ನೊಂದು ನನಗೆ ಎಂದುಬಿಟ್ಟರು ಎಂಬ ಕಥೆ ಮಾಜಿ ಸೈನಿಕರ ಬಾಯಲ್ಲಿ ಓಡಾಡುತ್ತಿದೆ. ಎರಡನೆಯದು ಸೇನೆಗೆ ಎಂಬುದು ಪಾಪ ಅವರ ಇಂಗಿತ. ಕಥೆ ನಿಜವೋ, ಮೆಸ್ಸಿನಲ್ಲಿ ಎರಡು ಪೆಗ್ ಆದ ಮೇಲೆ ಹುಟ್ಟಿದ್ದೋ, ಕೊಡಗಿನವರು ಯಾರೂ ಅಲ್ಲಗಳೆದದ್ದು ಕೇಳಿಲ್ಲ.

ಅವರ ಸ್ವಂತ ಸಂಸಾರದ ಕಥೆಯಲ್ಲಿ ನಗುವಂಥದ್ದು ಕಡಿಮೆ. 1937ರಲ್ಲಿ ಮದುವೆಯಾಯಿತು. ಹೆಂಡತಿ ಮುತ್ತು ಮಾಚಯ್ಯ, ಅರಣ್ಯಾಧಿಕಾರಿಯ ಮಗಳು, ವಯಸ್ಸಿನಲ್ಲಿ ಬಹಳ ಚಿಕ್ಕವರು. 1938ರಲ್ಲಿ ಮಗ ನಂದಾ, 1943ರಲ್ಲಿ ಮಗಳು ನಳಿನಿ. ಯುದ್ಧ ಮುಗಿಯುವ ಹೊತ್ತಿಗೆ ಗಂಡ-ಹೆಂಡಿರು ದೂರವಾಗಿದ್ದರು. ಮೂರು ವರ್ಷದ ನಂತರ ಆಕೆ ಅಪಘಾತದಲ್ಲಿ ತೀರಿಕೊಂಡರು. ಕಾಶ್ಮೀರದ ಯುದ್ಧ ನಡೆಸುತ್ತಿದ್ದ ಮನುಷ್ಯನ ಮನೆಯಲ್ಲಿ ಹತ್ತರ ಮಗ, ಐದರ ಮಗಳು, ಇಬ್ಬರೂ ತಾಯಿಯಿಲ್ಲದವರು. ಮತ್ತೆ ಮದುವೆಯಾಗಲಿಲ್ಲ. ಮಕ್ಕಳನ್ನು ಬೆಳೆಸಲು ಅವರಿಗೆ ಗೊತ್ತಿದ್ದುದು ಒಂದೇ ನಿಯಮಾವಳಿ, ಸೇನೆಯದು.

ಆ ನಿಯಮಾವಳಿ ಹೇಗಿತ್ತೆಂಬುದನ್ನು ಮುಂದೆ ವಾಯುಪಡೆಯಲ್ಲಿ ಏರ್ ಮಾರ್ಷಲ್ ಆದ ಮಗನೇ ಬರೆದಿದ್ದಾರೆ. ದೆಹಲಿಯಲ್ಲಿ ಅಧಿಕಾರಿಗಳ ಮಕ್ಕಳೆಲ್ಲ ಸೇನೆಯ ಟ್ರಕ್ಕಿನಲ್ಲಿ ಶಾಲೆಗೆ ಹೋಗಿಬರುತ್ತಿದ್ದರು. ಒಂದು ದಿನ ಟ್ರಕ್ಕು ಬರಲಿಲ್ಲ. ಸೇನಾಪತಿಯ ಸಹಾಯಕ ಅಧಿಕಾರಿ, ಹುಡುಗ ಬಿಸಿಲಲ್ಲಿ ಯಾಕೆ ಕಾಯಬೇಕೆಂದು ಸರ್ಕಾರಿ ಕಾರನ್ನೇ ಕಳಿಸಿದರು. ವಿಷಯ ಕೆಲ ದಿನಗಳ ಮೇಲೆ ಬೆಳಗಿನ ತಿಂಡಿಯ ಹೊತ್ತಿಗೆ ಹೊರಬಿತ್ತು. ಕಾರ್ಯಪ್ಪ ಕೆಂಡಾಮಂಡಲವಾದರು. ಅಧಿಕಾರಿಗೆ ತಕ್ಕ ಪೂಜೆಯಾಯಿತು, ಆ ಓಡಾಟಕ್ಕೆ ಬಿಲ್ಲು ಮಾಡಿಸಿ ತಮ್ಮ ಸಂಬಳದಲ್ಲಿ ಹಿಡಿಸಿದ್ದೂ ಆಯಿತು. ಇಂದು ಸರ್ಕಾರಿ ಜೀಪಿನಲ್ಲಿ ಮಕ್ಕಳನ್ನು ಟ್ಯೂಷನ್ನಿಗೆ ಕಳಿಸುವವರು ಇದನ್ನು ಓದಿದರೆ ಮನುಷ್ಯನಿಗೆ ತಲೆ ಕೆಟ್ಟಿತ್ತು ಎಂದಾರು. ಮನೆಯಲ್ಲಿ ಇಂಥ ತಂದೆಯಿದ್ದರೆ ಮಕ್ಕಳಿಗೂ ಆಗಾಗ ಹಾಗೆನಿಸಿರಬಹುದು.

ಅದೇ ಹುಡುಗ 1965ರ ಸೆಪ್ಟೆಂಬರ್ 22ರಂದು, ಯುದ್ಧದ ಕಟ್ಟಕಡೆಯ ದಿನ, ಹಂಟರ್ ವಿಮಾನ ಹಾರಿಸುತ್ತಿದ್ದಾಗ ಹೊಡೆತ ತಿಂದು ಪಾಕಿಸ್ತಾನದ ನೆಲಕ್ಕೆ ಬಿದ್ದರು. ಬೆನ್ನಿಗೆ ಪೆಟ್ಟು, ಸೆರೆ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮುನ್ನ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಹಳೆಯ ಮೇಲಧಿಕಾರಿಯ ಮಗನೆಂದು ತಿಳಿದ ಕೂಡಲೇ ಹೈಕಮಿಷನರ್ ಮೂಲಕ ಹೇಳಿಕಳಿಸಿದರು: ನಿಮ್ಮ ಮಗನನ್ನು ಬೇಕಾದರೆ ಬಿಟ್ಟುಬಿಡುತ್ತೇವೆ. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ, ನನ್ನವನಿಗೆ ಪ್ರತ್ಯೇಕ ಉಪಚಾರ ಬೇಡ ಎಂಬ ಅರ್ಥದ ಉತ್ತರ ಹೋಯಿತು. ಈ ಉತ್ತರವನ್ನು ಕೊಡಗಿನ ಶಾಲೆಗಳಲ್ಲಿ ಭಾಷಣ ಸ್ಪರ್ಧೆಯ ಮಕ್ಕಳು ಗಂಟಲು ಏರಿಸಿ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಆ ಮಗನನ್ನು ತಾಯಿಯಿಲ್ಲದೆ ಸಾಕಿದವರು ಇವರೇ ಎಂಬುದು ಭಾಷಣದಲ್ಲಿ ಬರುವುದಿಲ್ಲ. ಅದನ್ನು ಸೇರಿಸಿ ಓದಿದರೆ ಚಪ್ಪಾಳೆ ತಟ್ಟಲು ಕೈ ಏಳುವುದು ಕಷ್ಟ.

ಅಯೂಬ್ ಖಾನರ ಬೇಗಮ್ಮು ಮತ್ತು ಹಿರಿಯ ಮಗ ಆಸ್ಪತ್ರೆಗೆ ಹೋಗಿ ಕೈದಿಯನ್ನು ನೋಡಿಬಂದರು. ಒಯ್ದದ್ದು ಒಂದು ಕಟ್ಟು ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟು ಮತ್ತು ವುಡ್‌ಹೌಸನ ಒಂದು ಕಾದಂಬರಿ. ಶತ್ರುಗಳೂ ಇಷ್ಟು ಸೊಗಸಾಗಿ ರೋಗಿಯನ್ನು ವಿಚಾರಿಸಿಕೊಳ್ಳುತ್ತಿದ್ದ ಕಾಲ ಅದು. ನಾಲ್ಕು ತಿಂಗಳ ನಂತರ, ಉಳಿದವರ ಜೊತೆಗೇ, ಮಗ ಮನೆಗೆ ಬಂದರು. ಬಸ್ ನಿಲ್ದಾಣದ ಹತ್ತಿರ ನಿಂತಿರುವ ದೇವಯ್ಯ ಬರಲಿಲ್ಲ. 1965ರ ಅದೇ ಸೆಪ್ಟೆಂಬರ್ 7ರಂದು ಸರ್ಗೋಧಾದ ದಾಳಿಯಲ್ಲಿ ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದ ಸ್ಟಾರ್‌ಫೈಟರ್ ಒಂದನ್ನು ಕೆಡವಿ ತಾವೂ ಸತ್ತರು. ಅವರು ಮಾಡಿದ್ದೇನೆಂದು ಇಲ್ಲಿಯವರಿಗೆ ತಿಳಿದು ಮಹಾವೀರ ಚಕ್ರ ಕೊಡುವ ಹೊತ್ತಿಗೆ 1988 ಆಗಿತ್ತು. ಪ್ರತಿಮೆ ನಿಂತದ್ದು ಅದಕ್ಕಿಂತ ಎಷ್ಟೋ ತಡವಾಗಿ.

ಕಾರ್ಯಪ್ಪನವರಿಗೆ ಸಿಕ್ಕಿದ್ದು ಆಯುಸ್ಸು. 1953ರ ಜನವರಿಯಲ್ಲಿ ನಿವೃತ್ತರಾದಾಗ ಅವರ ನೌಕರಿಗೆ ಮೂವತ್ತಮೂರು ವರ್ಷ. ಆ ಮೇಲೆ ಬದುಕಿದ್ದು ನಲವತ್ತು ವರ್ಷ. ಅಷ್ಟನ್ನೂ ಸುಮ್ಮನೆ ಕೂತು ಕಳೆಯುವ ಜಾಯಮಾನ ಅವರದಾಗಿರಲಿಲ್ಲ. ಹೈಕಮಿಷನರ್ ಆಗಿ ಆಸ್ಟ್ರೇಲಿಯಾಕ್ಕೆ ಹೋದರೆ, ಬಿಳಿಯರಿಗೆ ಮಾತ್ರ ಬಾಗಿಲು ತೆರೆಯುತ್ತಿದ್ದ ಅಲ್ಲಿನ ವಲಸೆ ನೀತಿಯನ್ನು ಅವರ ನೆಲದಲ್ಲೇ ನಿಂತು ಟೀಕಿಸಿ ಗಲಾಟೆ ಎಬ್ಬಿಸಿದರು. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ದೇಶಕ್ಕೆ ಕೆಲಕಾಲ ಮಿಲಿಟರಿ ಶಿಸ್ತು ಬೇಕೆಂಬ ಧಾಟಿಯಲ್ಲಿ ಆಗಾಗ ಮಾತಾಡಿ ಸರ್ಕಾರಕ್ಕೂ ಪತ್ರಿಕೆಗಳಿಗೂ ಇರಿಸುಮುರಿಸು ಮಾಡಿದರು. ಒಳ್ಳೆಯ ಸೇನಾಪತಿಗಳು ರಾಜಕೀಯ ಮಾತಾಡಿದರೆ ಹೀಗೇ ಆಗುವುದು. ಮತದಾರರಿಗೆ ಅದು ಅವರಿಗಿಂತ ಮೊದಲೇ ತಿಳಿದಿತ್ತು.

ಉಳಿದ ಹೊತ್ತೆಲ್ಲ ಮಡಿಕೇರಿಯ ತಮ್ಮ ಮನೆ ರೋಷನಾರದಲ್ಲಿ. ಮನೆಯ ಸುತ್ತ ಗಿಡಮರ, ಅವುಗಳ ಮೇಲೆ ಮಕ್ಕಳ ಮೇಲಿಟ್ಟಷ್ಟೇ ನಿಗಾ. ಒಳಗೆ ಅವರು ಬೆಲೆ ಕಟ್ಟಲಾಗದೆಂದು ಇಟ್ಟುಕೊಂಡಿದ್ದುದು ಎರಡು: ತಾಯಿಯ ಚಿತ್ರ ಮತ್ತು ಜವಾನನ ಒಂದು ಪುಟ್ಟ ಮೂರ್ತಿ. ರಾತ್ರಿಯೂಟಕ್ಕೆ ಸೂಟು ತೊಟ್ಟೇ ಕೂರುವ ಪದ್ಧತಿ. ಹೊರಗೆ ಆಟಿಯ ಮಳೆ ಹೊಡೆಯುತ್ತಿರಲಿ, ಕರೆಂಟು ಹೋಗಿರಲಿ, ಟೈ ಟೈಯೇ.

ಹೀಗೆ ಎಂಬತ್ತೇಳು ದಾಟಿದವರಿಗೆ 1986ರಲ್ಲಿ ಸರ್ಕಾರ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. ಅದಕ್ಕೆ ಮೊದಲು ಅದು ಸಿಕ್ಕಿದ್ದುದು ಮಾಣೆಕ್‌ಷಾ ಒಬ್ಬರಿಗೆ. ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಸಮಾರಂಭ. ಆಗ ಅವರ ಬಲಗಾಲಿನ ಕಿರುಬೆರಳು ಎಷ್ಟು ನೋಯುತ್ತಿತ್ತೆಂದರೆ, ಬೆರಳಿಗೆ ತಾಗದಂತೆ ತುದಿ ಕತ್ತರಿಸಿದ ಬೂಟನ್ನು ಮನೆಯಲ್ಲಿ ಹಾಕಿಕೊಳ್ಳುತ್ತಿದ್ದರು. ಅದನ್ನೇ ತೊಟ್ಟು ಬನ್ನಿ, ಯಾರು ನೋಡುತ್ತಾರೆ ಎಂದರು ಮನೆಯವರು. ಕೇಳಲಿಲ್ಲ. ಚೂಪು ಮೂತಿಯ ಹೊಳೆಯುವ ಬೂಟೇ ಆಗಬೇಕು, ಕೋಲೂ ಬೇಡ. ಬಿದ್ದುಬಿಟ್ಟರೆ ಎಂಬ ಭಯಕ್ಕೆ ಶುಶ್ರೂಷಕನೊಬ್ಬ ಹತ್ತಿರದಲ್ಲೇ ಸಜ್ಜಾಗಿದ್ದ. ಅಜ್ಜ ನೆಟ್ಟಗೆ ನಿಂತು ದಂಡ ಸ್ವೀಕರಿಸಿದರು; ಶುಶ್ರೂಷಕನಿಗೆ ಕೆಲಸ ಬೀಳಲಿಲ್ಲ.

ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿ ಎಂಬುದಿಲ್ಲ. ಹಾಗಾಗಿ ಮೂವತ್ತಮೂರು ವರ್ಷಗಳಿಂದ ಪಿಂಚಣಿದಾರರಾಗಿದ್ದ ಈ ಅಜ್ಜ ಸೇವೆಗೆ ಮರಳಿ ಮಡಿಕೇರಿಗೆ ಬಂದರು. 1993ರ ಮೇ 15ರಂದು ಬೆಂಗಳೂರಿನಲ್ಲಿ ನಿದ್ದೆಯಲ್ಲೇ ಪ್ರಾಣ ಹೋಗುವವರೆಗೆ, ಇನ್ನೂ ಏಳು ವರ್ಷ, ಲೆಕ್ಕದ ಪ್ರಕಾರ ಡ್ಯೂಟಿಯಲ್ಲೇ ಇದ್ದರು.