ಹೆಬ್ಬೆರಳ ಬುಡದ ಗುಳಿ

ಕಳೆದ ಮಳೆಗಾಲದ ಒಂದು ನಸುಕಿನಲ್ಲಿ ನಾವು ಪಾವಟಿಗೆಯ ಮೇಲೆ ಜಾರಿ, ಎಡ ಅಂಗೈಯೂರಿ ಬಿದ್ದೆವು. ಬಾವು ಹೆಚ್ಚಿರಲಿಲ್ಲ, ಬೆರಳುಗಳೆಲ್ಲ ಆಡುತ್ತಿದ್ದವು. ಆಡುವ ಕೈ ಮುರಿದಿರಲಾರದೆಂದು ನಂಬಿ, ಉಳುಕೆಂದು ಬಗೆದು, ಎಣ್ಣೆ ತಿಕ್ಕಿಸಿಕೊಂಡೆವು. ಶಾಸ್ತ್ರ ಓದಿದವರಿಗೂ ಇಂಥ ಮೌಢ್ಯ ತಪ್ಪಿದ್ದಲ್ಲ! ಮರುದಿನ ಪೂಜೆಯಲ್ಲಿ ಇಷ್ಟಲಿಂಗ ಹಿಡಿದ ಕರವು ನೋವಿನಿಂದ ನಡುಗಿದಾಗಲೇ ವೈದ್ಯರಲ್ಲಿಗೆ ಹೋದದ್ದು.

ಅವರು ಹೆಬ್ಬೆರಳನ್ನು ಮೇಲಕ್ಕೆ ಚಾಚಿಸಿ, ಅದರ ಬುಡದಲ್ಲಿ ಮೂಡಿದ ಗುಳಿಯನ್ನು ಒತ್ತಿದರು. ಜೀವ ಹೋದಂತಾಯಿತು. ಎಕ್ಸ್-ರೇಯಲ್ಲಿ ಮಾತ್ರ ಏನೂ ಕಾಣಲಿಲ್ಲ. ಆದರೂ ಪ್ಲಾಸ್ಟರ್ ಹಾಕಿದರು. ಕಾಣದ ಮುರಿತಕ್ಕೆ ಈ ಬಂಧನವೇಕೆಂದು ನಮಗೆ ಅಸಮಾಧಾನವೇ ಆಯಿತು. 12 ದಿನಗಳ ತರುವಾಯ ಮತ್ತೆ ತೆಗೆದ ಚಿತ್ರದಲ್ಲಿ ಕೂದಲೆಳೆಯಂಥ ಗೆರೆಯೊಂದು ಕಂಡಿತು.

ಕೈಯ 27 ಎಲುಬುಗಳಲ್ಲಿ ಮಣಿಕಟ್ಟಿನವು 8. ಅವುಗಳಲ್ಲೊಂದಾದ ದೋಣಿಯಾಕಾರದ ಸ್ಕೇಫಾಯ್ಡ್‌ಗೆ ರಕ್ತವು ಬಹುಮಟ್ಟಿಗೆ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯಬಹುದು. ಎಲುಬು ಕೂಡದೆ ಉಳಿದರೆ ವರ್ಷಗಳು ಕಳೆದಂತೆ ಕೀಲು ಸವೆಯುತ್ತದೆ. ಆದ್ದರಿಂದ ಅಂಗೈಯೂರಿ ಬಿದ್ದವರಿಗೆ ಆ ಗುಳಿಯಲ್ಲಿ ನೋವಿದ್ದರೆ ತಾಯಂದಿರು ಎಣ್ಣೆಯ ಬಟ್ಟಲನ್ನು ಬದಿಗಿಡಬೇಕು. ಎಲುಬು ಸರಿದಿದ್ದರೆ ಶಸ್ತ್ರಕ್ರಿಯೆ ಮಾಡಿ ಸ್ಕ್ರೂ ಹಾಕುವುದುಂಟು, ನಮ್ಮದು ಸರಿದಿರಲಿಲ್ಲ.

ಪ್ಲಾಸ್ಟರ್ 10 ವಾರ ಇತ್ತು. ಅಷ್ಟು ದಿನವೂ ಲಿಂಗವನ್ನು ಬಲ ಅಂಗೈಯಲ್ಲಿರಿಸಿಕೊಂಡು, ಎಡಗೈಯ ಬೆರಳ ತುದಿಗಳಿಂದ ಪತ್ರೆಯೇರಿಸಿದೆವು. ಬಿಚ್ಚಿದಾಗ ಎಡ ಅಂಗೈ ಸೊರಗಿ ಬಿಳಿಚಿತ್ತು. ಅದರಲ್ಲಿ ಹಿಡಿತ ಮರಳಲು ಮತ್ತೊಂದು ತಿಂಗಳು ಹಿಡಿಯಿತು.